ಉಗಿಬಂಡಿಯ ದನಿ, ನಮ್ಮ ಪಾಠ

1855ರಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಸಿದ್ಧವಾಗಿ ಈಸ್ಟ್ ಇಂಡಿಯನ್ ರೈಲ್ವೆಗೆ ಬಂದ ಎಂಜಿನುಗಳಲ್ಲಿ 22ನೆಯದಾದ ‘ಫೇರಿ ಕ್ವೀನ್’ ದೆಹಲಿಯ ಕಡೆ ಹೆಸರಾಯಿತು. ಅದರ ಒಡಹುಟ್ಟೇ 21ನೆಯ ‘ಎಕ್ಸ್‌ಪ್ರೆಸ್’. 1909ರಲ್ಲಿ ನಿವೃತ್ತವಾದ ಮೇಲೆ ಸುಮಾರು ನೂರು ವರ್ಷ ಅದು ಪ್ರದರ್ಶನದ ವಸ್ತುವಾಗಿ ನಿಂತಿತ್ತು. ಅನೇಕ ಭಾಗಗಳು ಕಾಣೆಯಾಗಿದ್ದ ಆ ಎಂಜಿನಿಗೆ ಪೆರಂಬೂರು ಲೋಕೋ ಕಾರ್ಖಾನೆಯ ಕೆಲಸಗಾರರು 2010ರಲ್ಲಿ ಮರುಜೀವ ಕೊಟ್ಟರು. ಆ ವರ್ಷದ ಸ್ವಾತಂತ್ರ್ಯ ದಿನದಂದು ಅದು ಚೆನ್ನೈ ಸೆಂಟ್ರಲ್‌ನಿಂದ ಆವಡಿಗೆ, ನಿತ್ಯದ ರೈಲುಗಳು ಓಡುವ ಹಳಿಯ ಮೇಲೆಯೇ ಓಡಿತು.

ಮುಂದೆ ಅದು ಎಗ್ಮೋರಿನಿಂದ ಕೋಡಂಬಾಕ್ಕಂಗೆ ಹೊರಟ ಒಂದು ದಿನ, ಹೊಸೂರಿನಿಂದ ನಾವೂ ಮೊಮ್ಮಗನೊಡನೆ ಹೋಗಿದ್ದೆವು. ಸೇಲಂ ಮಾರ್ಗದ ಮೀಟರ್ ಗೇಜ್ ಕಾಲದ ಉಗಿಬಂಡಿಯ ದನಿ ನಮ್ಮ ಕಿವಿಯಲ್ಲಿ ಇನ್ನೂ ಇದೆ, ಹುಡುಗನ ಕಿವಿಯಲ್ಲಿಲ್ಲ. ಫೋಟೋದಲ್ಲಿ ದನಿ ಸಿಕ್ಕದೆಂದೇ ವಿಡಿಯೋ ತೆಗೆಯಲು ಹೇಳಿದ್ದೆವು.

ಸೀಟಿ ಕೂಗಿತು. ಪ್ಲಾಟ್‌ಫಾರ್ಮಿನ ತುಂಬ ಎತ್ತಿದ ಕೈಗಳು, ಮೊಬೈಲುಗಳು. ಮೂರು ಜೋಡಿ ಗಾಲಿಗಳಲ್ಲಿ ನಡುವಿನ ದೊಡ್ಡ ಜೋಡಿ ಮಾತ್ರ ಬಂಡಿಯನ್ನೆಳೆಯುತ್ತದೆ. ಹೊರಡುವಾಗ ಅದರ ಶ್ರಮವೆಲ್ಲ ಹೊಗೆಕೊಳವೆಯ ಬಿಡಿಬಿಡಿ ಉಸಿರಿನಲ್ಲಿ ಕೇಳುತ್ತದೆ.

ಮನೆಗೆ ಬಂದು ನೋಡಿದೆವು. ಹೊಗೆಯಿದೆ, ಗಾಲಿಯಿದೆ. ಆದರೆ ಆರಂಭದಿಂದ ಕೊನೆಯವರೆಗೂ ನಮ್ಮದೇ ಗಂಟಲು: “ನಡುವಿನ ಗಾಲಿ ನೋಡು, 1855ರದು, ನೀರಿನ ತೊಟ್ಟಿ ಕೆಳಗಿದೆ...” ಎಷ್ಟು ವರ್ಷ ಪಾಠ ಹೇಳಿದ ನಾಲಗೆಯೋ! ಬಂಡಿಯ ಮೊದಲ ಉಸಿರುಗಳೆಲ್ಲ ಅದರಡಿ ಹೂತುಹೋಗಿವೆ.

“ತಾತಾ, ಎಂಜಿನ್ ಹೇಗೆ ಸದ್ದು ಮಾಡಿತು ಅಂತ ಅಪ್ಪ ಕೇಳ್ತಿದ್ದಾರೆ” ಎಂದ ಮೊಮ್ಮಗ. ಬಾಯಿಂದಲೇ ಮಾಡಿ ತೋರಿಸಿದೆವು.