ಶಾಲೆಯ ಬೀರುವಿನಲ್ಲಿರುವ ಶಾಸನ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಸೀಮೆಯ ಶಿಲಾಶಾಸನಗಳನ್ನು ಬಿ. ಎಲ್. ರೈಸ್ ಅವರು 'ಎಪಿಗ್ರಾಫಿಯ ಕರ್ನಾಟಿಕ'ದ 3 ಮತ್ತು 4ನೆಯ ಸಂಪುಟಗಳಲ್ಲಿ ಪ್ರಕಟಿಸಿದುದು ವಿದ್ವಾಂಸರಿಗೆಲ್ಲ ವಿದಿತವಾದ ಸಂಗತಿ. ಅದೇ ರೈಸ್ ಅವರು ಮೈಸೂರಿನ ವಿದ್ಯಾ ಇಲಾಖೆಯ ಅಧಿಕಾರಿಗಳಾಗಿದ್ದು, 1868ರಲ್ಲಿ ಹೋಬಳಿ ಶಾಲೆಗಳ ಯೋಜನೆಗೆ ಕಾರಣರಾದವರೆಂಬುದನ್ನು ನೆನೆಯುವವರು ವಿರಳ. ಕಲ್ಲಿನ ಬರೆಹಕ್ಕೆ ಸಂಪಾದಕರು ದೊರೆತರು. ಆ ಶಾಲೆಗಳ ಕಾಗದದ ಬರೆಹಕ್ಕೆ ದೊರೆಯಲಿಲ್ಲ.

ಜನ್ಮದಿನಾಂಕದ ವ್ಯಾಜ್ಯ ಬಂದಾಗ ಮಾತ್ರ ನಾವು ಶಾಲೆಯ ದಾಖಲಾತಿ ಪುಸ್ತಕವನ್ನು ಹುಡುಕುತ್ತೇವೆ. ಯಾವ ಕಸುಬಿನವರ ಮನೆಯ ಮಗು ಮೊದಲು ಅಕ್ಷರ ಕಲಿಯಲು ಬಂದಿತು, ಹೆಣ್ಣುಮಕ್ಕಳು ಯಾವ ತರಗತಿಗೆ ಶಾಲೆ ಬಿಟ್ಟರು ಎಂಬುದಕ್ಕೂ ಅದೇ ಸಾಕ್ಷಿ. ಪ್ಲೇಗಿನ ವರ್ಷಗಳಲ್ಲಿ ಊರು ಖಾಲಿಯಾದುದನ್ನು ಹಾಜರಿ ಪುಸ್ತಕದ ಬರಿದಾದ ಸಾಲುಗಳು ಹೇಳಬಲ್ಲವು. ಇಂತಹ ಪುಸ್ತಕವನ್ನು ಗೆದ್ದಲಿಗೆ ಬಿಡುವುದು ಶಾಸನವನ್ನು ಒಡೆದು ಮೆಟ್ಟಿಲಿಗೆ ಹಾಕಿದಂತೆಯೇ ಸರಿ.

ಶೋಧಕರು ಒಂದು ವಿಷಯದಲ್ಲಿ ಎಚ್ಚರವಹಿಸಬೇಕು. ಪಾಂಡವಪುರವು ಹಿಂದೆ ಫ್ರೆಂಚ್ ರಾಕ್ಸ್, ಕೃಷ್ಣರಾಜಪೇಟೆಯು ಅತ್ತಿಗುಪ್ಪೆ. ಮಂಡ್ಯ ಜಿಲ್ಲೆ ರಚನೆಯಾದುದು 1939ರಲ್ಲಿ. ಅದಕ್ಕೆ ಮೊದಲಿನ ಕಾಗದಗಳನ್ನು ಮೈಸೂರು ಜಿಲ್ಲೆಯ ಕಡತಗಳಲ್ಲಿ, ಹಳೆಯ ಹೆಸರುಗಳಡಿಯಲ್ಲಿ ಅರಸಬೇಕಾಗುತ್ತದೆ. ಇದನ್ನರಿಯದೆ 'ದಾಖಲೆಯೇ ಇಲ್ಲ' ಎಂದು ಕೈಚೆಲ್ಲುವುದು ಸುಲಭ.

ದೊರೆತ ಪುಟಗಳ ಛಾಯಾಪ್ರತಿ ತೆಗೆದು, ಬದುಕಿರುವವರ ಜಾತಿ, ವಯಸ್ಸುಗಳ ವಿವರವನ್ನು ಮರೆಮಾಡಿ, ವಾರ್ಷಿಕೋತ್ಸವದಂದು ಊರಿನವರ ಮುಂದಿರಿಸಬಹುದು. ಅಜ್ಜನ ಹೆಸರು ಕಂಡ ಮೊಮ್ಮಗ ಮನೆಯ ಅಟ್ಟದಲ್ಲಿರುವ ಹಳೆಯ ಪ್ರಮಾಣಪತ್ರವನ್ನೂ ತಂದು ತೋರಿಸಿಯಾನು. ಅದರ ಪ್ರತಿಯನ್ನೂ ಇರಿಸಿಕೊಳ್ಳಬೇಕು. ಮೂಲಪುಸ್ತಕ ಮಾತ್ರ ಶಾಲೆಯ ಬೀರುವನ್ನು ಬಿಟ್ಟು ಕದಲಕೂಡದು.