ಬಾಡ್ ಗಾಸ್ಟೈನ್: ಒಂದು ಗಿರಿಸ್ನಾನಪಟ್ಟಣದ ನೆಲ ಮತ್ತು ಚರಿತ್ರೆ

ಆಸ್ಟ್ರಿಯಾ ದೇಶದ ಸಾಲ್ಜ್‌ಬುರ್ಗ್ ಪ್ರಾಂತದ ದಕ್ಷಿಣದಲ್ಲಿ, ಹೋಹೆ ಟೌವರ್ನ್ ಎಂಬ ಹಿಮಪರ್ವತಶ್ರೇಣಿಯ ಉತ್ತರದ ಮಗ್ಗುಲಿಗೆ, ಸಮುದ್ರಮಟ್ಟದಿಂದ ಸುಮಾರು 1000 ಮೀಟರ್ ಎತ್ತರದಲ್ಲಿ, ಒಂದು ಮಹಾಜಲಪಾತದ ಎರಡು ಪಾರ್ಶ್ವಗಳನ್ನೂ ಹಿಡಿದು ನಿಂತಿರುವ ಬಾಡ್ ಗಾಸ್ಟೈನ್ ಎಂಬ ಪಟ್ಟಣವನ್ನು ಕುರಿತು ಬರೆದವರಲ್ಲಿ ಬಹುಮಂದಿ ಅಲ್ಲಿಗೆ ಬಂದು ಮಿಂದುಹೋದ ಚಕ್ರವರ್ತಿಗಳ, ಮಂತ್ರಿಗಳ, ಕವಿಗಾಯಕರ ಹೆಸರುಗಳನ್ನು ಸಾಲಾಗಿ ಹೇಳಿ, ಅದನ್ನೇ ಆ ಊರಿನ ಚರಿತ್ರೆಯೆಂದು ಭಾವಿಸಿ ತೃಪ್ತರಾಗಿದ್ದಾರೆ. ಆ ಹೆಸರುಗಳಾವುವೂ ಸುಳ್ಳಲ್ಲ. ಆದರೆ ಅರಸರು ಬಂದುದರಿಂದ ಊರು ಹುಟ್ಟಲಿಲ್ಲ. ಊರಿನ ಅಡಿಯಲ್ಲಿರುವ ಬಂಡೆ ಬಿರಿದಿದ್ದುದರಿಂದ ಊರು ಹುಟ್ಟಿತು, ಅರಸರು ಆಮೇಲೆ ಬಂದರು. ಆ ಬಿರುಕುಗಳೇ ಒಂದು ಕಾಲದಲ್ಲಿ ಚಿನ್ನವನ್ನು ಕೊಟ್ಟವು, ಎಲ್ಲ ಕಾಲದಲ್ಲಿಯೂ ಬಿಸಿನೀರನ್ನು ಕೊಟ್ಟವು; ಇವೆರಡರ ಸಂಬಂಧವನ್ನು ಬಿಟ್ಟು ಗಾಸ್ಟೈನಿನ ಸ್ವಭಾವವನ್ನು ಅರಿಯುವುದು ಅಸಾಧ್ಯವೆಂದು ತೋರಿಸುವುದು ಈ ಲೇಖನದ ಉದ್ದೇಶ.

ಮೊದಲು ನೆಲದ ವಿಚಾರ. ದಕ್ಷಿಣದ ಹಿಮಶಿಖರಗಳಲ್ಲಿ ಹುಟ್ಟಿ ಉತ್ತರಾಭಿಮುಖವಾಗಿ ಹರಿಯುವ ಗಾಸ್ಟೈನರ್ ಆಖೆ ಎಂಬ ಹೊಳೆಯು ಸಾಲ್ಜಾಖ್ ನದಿಯನ್ನು ಕೂಡುವುದಕ್ಕೆ ಮುನ್ನ ಒಂದು ಇಕ್ಕಟ್ಟಾದ ಕಂದರವನ್ನು ಸೀಳಿಕೊಂಡು ಹೋಗುತ್ತದೆ. ಕಣಿವೆಗೆ ಹೆಬ್ಬಾಗಿಲಿನಂತಿರುವ ಈ ಕಂದರದ ಮೇಲೆ ಕ್ಲಾಮ್‌ಸ್ಟೈನ್ ಎಂಬ ಹಳೆಯ ಕೋಟೆ ಇಂದಿಗೂ ಇದೆ. ಕಂದರವನ್ನು ದಾಟಿ ಒಳಹೊಕ್ಕವನಿಗೆ ಮೊದಲು ಡೋರ್ಫ್‌ಗಾಸ್ಟೈನ್ ಎಂಬ ಹಳ್ಳಿಯೂ, ತದನಂತರ ಅಗಲವಾದ, ಬಿಸಿಲು ಬೀಳುವ, ಹುಲ್ಲುಗಾವಲುಗಳಿಂದ ಶೋಭಿಸುವ ಬಯಲಿನಲ್ಲಿ ಹೋಫ್‌ಗಾಸ್ಟೈನ್ ಪಟ್ಟಣವೂ ಕಾಣಿಸುತ್ತವೆ. ಅಲ್ಲಿಂದ ಮುಂದೆ ಕಣಿವೆಯ ತಳವು ಒಮ್ಮೆಲೇ ಮೇಲಕ್ಕೇಳುತ್ತದೆ. ಹಿಮಯುಗದ ಹಿಮನದಿಗಳು ಕೊರೆದು ಬಿಟ್ಟುಹೋದ ಈ ಶಿಲಾಸೋಪಾನವನ್ನು ಹೊಳೆಯು ಮೂರು ನೆಗೆತಗಳಲ್ಲಿ, ಒಟ್ಟು 341 ಮೀಟರ್ ಎತ್ತರದಿಂದ ಇಳಿಯುವುದು. ಆ ಸೋಪಾನದ ಕಡಿದಾದ ಮುಖದ ಮೇಲೆಯೇ, ಮನೆ ಕಟ್ಟಬೇಕೆನ್ನುವ ಯಾವ ವಿವೇಕಿಯೂ ತಾನಾಗಿ ಆರಿಸಿಕೊಳ್ಳದಂಥ ಜಾಗದಲ್ಲಿ, ಬಾಡ್ ಗಾಸ್ಟೈನ್ ಇದೆ.

ಇದಕ್ಕೆ ಕಾರಣ ಒಂದೇ: ಬುಗ್ಗೆಗಳು ಇರುವುದು ಅಲ್ಲಿ. ಗ್ರೌಕೋಗೆಲ್ ಎಂಬ 2492 ಮೀಟರ್ ಎತ್ತರದ ಬೆಟ್ಟದ ಬುಡದಲ್ಲಿ, ಜಲಪಾತದ ಮಗ್ಗುಲಿನ ಬಂಡೆಗಳೊಳಗಿಂದ ಹದಿನೇಳು ಹದಿನೆಂಟು ಊಟೆಗಳು ಚಿಮ್ಮುತ್ತವೆ. ಮಳೆಯಾಗಿಯೂ ಹಿಮವಾಗಿಯೂ ಬೆಟ್ಟದ ಮೇಲೆ ಬಿದ್ದ ನೀರು ನೈಸ್ ಶಿಲೆಯ ಸೀಳುಗಳ ಮೂಲಕ ಭೂಗರ್ಭಕ್ಕೆ ಬಹಳ ಆಳದವರೆಗೆ ಇಳಿದು, ಅಲ್ಲಿ ಕಾದು, ಸಾವಿರಾರು ವರ್ಷಗಳ ಅಜ್ಞಾತವಾಸವನ್ನು ಮುಗಿಸಿಕೊಂಡು ಮರಳಿ ಹೊರಬರುವುದು. ಕೋಲಾರದ ಗಣಿಗಳಲ್ಲಿ ಕೆಳಕೆಳಗೆ ಇಳಿದಂತೆಲ್ಲ ಬಂಡೆಯ ಕಾವು ಏರುತ್ತಿದ್ದುದನ್ನು ಕೇಳಿಬಲ್ಲ ಕನ್ನಡಿಗರಿಗೆ ಈ ಕ್ರಿಯೆಯನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ. ಹೊರಬಂದ ನೀರಿನ ಶಾಖ 46 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನದು. ಪರಿಮಾಣವು ದಿನವೊಂದಕ್ಕೆ ಸುಮಾರು 50 ಲಕ್ಷ ಲೀಟರ್. ಸ್ನಾನಕ್ಕೆ ಇದು ಅತಿಯಾದ ಬಿಸಿ, ಆರಿಸಿಯೇ ಬಳಸಬೇಕು.

ಇಲ್ಲಿ ಒಂದು ವೈಷಮ್ಯವನ್ನು ಗಮನಿಸಬೇಕು. ಹೋಫ್‌ಗಾಸ್ಟೈನಿಗೆ ಬಯಲೂ ಬಿಸಿಲೂ ಉಂಟು, ಬಿಸಿನೀರಿಲ್ಲ. ಮೇಲಿನ ಊರಿಗೆ ಬಿಸಿನೀರುಂಟು, ಕಾಲೂರುವಷ್ಟು ಸಮನೆಲವಿಲ್ಲ. ಕಣಿವೆಯ ಆಡಳಿತ, ಸಂತೆ, ಸಿರಿವಂತರ ಮನೆಗಳು ಎಲ್ಲವೂ ಶತಮಾನಗಳ ಕಾಲ ಕೆಳಗಿನ ಊರಿನಲ್ಲಿದ್ದು, ಮೇಲಿನದು ಮರದ ಗುಡಿಸಲುಗಳೂ ಕೆಲವು ಛತ್ರಗಳೂ ಇದ್ದ ಕಾಡುಸ್ನಾನಘಟ್ಟವಾಗಿಯೇ ಉಳಿದುದಕ್ಕೆ ಈ ಭೂಸ್ಥಿತಿಯೇ ಹೇತು.

ಹೋಫ್‌ಗಾಸ್ಟೈನಿನ ಸಿರಿ ಬಂದುದು ಗಣಿಗಳಿಂದ. 1297ರಲ್ಲಿ ಬವೇರಿಯಾದ ಡ್ಯೂಕನು ಈ ಕಣಿವೆಯನ್ನು ಸಾಲ್ಜ್‌ಬುರ್ಗ್‌ನ ಆರ್ಚ್‌ಬಿಷಪ್ಪನಿಗೆ ಮಾರಿದನು. ಮುಂದೆ ಐದು ಶತಮಾನಗಳ ಕಾಲ ಇದರ ಒಡೆತನವು ಧರ್ಮಪೀಠದ್ದು. 16ನೆಯ ಶತಮಾನದ ಮಧ್ಯಭಾಗದಲ್ಲಿ ಗಾಸ್ಟೈನ್ ಮತ್ತು ನೆರೆಯ ರೌರಿಸ್ ಕಣಿವೆಗಳ ಚಿನ್ನ ಬೆಳ್ಳಿಗಳು ತಮ್ಮ ಉತ್ಕರ್ಷವನ್ನು ಮುಟ್ಟಿ, ಸಾಲ್ಜ್‌ಬುರ್ಗ್ ನಗರದ ವೈಭವಕ್ಕೆ ಆಧಾರವಾದುವು. ಗಣಿಯ ಒಡೆಯರಲ್ಲಿ ಅಗ್ರಗಣ್ಯನು 1558ರಲ್ಲಿ ಮಡಿದ ಕ್ರಿಸ್ಟೋಫ್ ವೈಟ್‌ಮೋಸರ್. ಅವನ ಮನೆತನದ ಗೃಹಿಣಿಯನ್ನು ಕುರಿತು ಆ ಸೀಮೆಯಲ್ಲಿ ಒಂದು ಐತಿಹ್ಯವುಂಟು: ಭಿಕ್ಷೆ ಬೇಡಿ ಬಂದ ಮುದುಕಿಯನ್ನು ಜರೆದು, ಬೆರಳಿನ ಉಂಗುರವನ್ನು ಕಂದರದ ಹೊಳೆಗೆ ಎಸೆದು, ಇದು ನನ್ನ ಕೈಗೆ ಮರಳಿ ಬರುವುದೆಷ್ಟು ಸಂಭವವೋ ನಾನು ಬಡವಳಾಗುವುದೂ ಅಷ್ಟೇ ಸಂಭವವೆಂದು ಆಕೆ ಗರ್ವದಿಂದ ನುಡಿದಳಂತೆ, ಕೆಲವೇ ದಿನಗಳಲ್ಲಿ ಊಟಕ್ಕೆ ತಂದ ಮೀನಿನ ಹೊಟ್ಟೆಯಲ್ಲಿ ಉಂಗುರ ಸಿಕ್ಕಿತು, ಸಿರಿ ಹೋಯಿತು. ಶಕುಂತಲೆಯ ಕಥೆಯಲ್ಲಿ ಮೀನು ಮರಳಿಸಿದ ಉಂಗುರವು ಅರಸನಿಗೆ ನೆನಪನ್ನೂ ಆಕೆಗೆ ಪತಿಯನ್ನೂ ತಂದುಕೊಟ್ಟರೆ, ಇಲ್ಲಿಯದು ದಾರಿದ್ರ್ಯವನ್ನು ತಂದಿತು. ಕಾಳಿದಾಸನ ಮೀನೇ ಲೇಸು.

ಐತಿಹ್ಯದ ಹಿಂದಿನ ವಾಸ್ತವವು ಇಷ್ಟು ರಸವತ್ತಾದುದಲ್ಲ. ಸುಲಭವಾಗಿ ಸಿಕ್ಕುತ್ತಿದ್ದ ಅದಿರು ತೀರಿತು; ಎತ್ತರದ ಗಣಿಗಳಲ್ಲಿ ವೆಚ್ಚ ಏರಿತು; ಅಮೆರಿಕದ ಬೆಳ್ಳಿ ಯುರೋಪಿನ ಪೇಟೆಗೆ ಬಂದಿತು. ಇದರ ಮೇಲೆ ಧರ್ಮಕಲಹವೊಂದು. ಗಣಿಗಾರರಲ್ಲಿ ಅನೇಕರು ಲೂಥರನ ಮತವನ್ನು ಅವಲಂಬಿಸಿದ್ದರು. ಆರ್ಚ್‌ಬಿಷಪ್ ಫಿರ್ಮಿಯನ್ 1731ರಲ್ಲಿ ಹೊರಡಿಸಿದ ಆಜ್ಞೆಯಿಂದ ಇಡೀ ಪ್ರಾಂತದ ಸುಮಾರು 20,000 ಪ್ರಾಟೆಸ್ಟೆಂಟರು ಮನೆಮಾರು ತೊರೆದು ದೇಶಭ್ರಷ್ಟರಾಗಬೇಕಾಯಿತು, ಅವರಲ್ಲಿ ಬಹುಪಾಲು ಪ್ರಷ್ಯಾದ ಪೂರ್ವಪ್ರಾಂತವನ್ನು ಸೇರಿದರು. ಪ್ರಷ್ಯಾದ ಅರಸನು ಅವರನ್ನು ಆದರಿಸಿ ನೆಲ ಕೊಟ್ಟನು. ಒಂದು ನೂರ ಮೂವತ್ತು ವರ್ಷಗಳ ತರುವಾಯ ಅದೇ ವಂಶದ ದೊರೆ ಇದೇ ಕಣಿವೆಗೆ ವರ್ಷವರ್ಷವೂ ಸ್ನಾನಕ್ಕೆ ಬರುವವನಾದನೆಂಬುದನ್ನು ಗಾಸ್ಟೈನಿನ ಕೈಪಿಡಿಗಳು ಜೊತೆಯಲ್ಲಿಟ್ಟು ಹೇಳುವುದಿಲ್ಲ.

ಇನ್ನು ಸ್ನಾನದ ವಿಷಯ. ಮುಂದೆ ಮೂರನೆಯ ಫ್ರೆಡರಿಕ್ ಎಂಬ ಹೆಸರಿನಿಂದ ಚಕ್ರವರ್ತಿಯಾದ ಡ್ಯೂಕ್ ಫ್ರೆಡರಿಕನು 1436ರಲ್ಲಿ ಕಾಲಿನ ವ್ಯಾಧಿಗಾಗಿ ಇಲ್ಲಿಗೆ ಬಂದನೆಂಬುದು ಪ್ರಸಿದ್ಧ. ಆದರೆ ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಮುಖ್ಯವಾದುದು ಅದೇ ಶತಮಾನದ ಕೊನೆಯಲ್ಲಿ ಕೊನ್ರಾಡ್ ಸ್ಟ್ರೋಖ್ನರ್ ಎಂಬ ಸ್ಥಳೀಯ ಧನಿಕನು ಬಡವರಿಗಾಗಿ ಸ್ಥಾಪಿಸಿದ ಆಸ್ಪತ್ರೆ. ಗಣಿಯ ದುಡ್ಡು ಸ್ನಾನಕ್ಕೆ ಹರಿದು ಬಂದುದಕ್ಕೆ ಅದು ನಿದರ್ಶನ, ಮತ್ತು ಈ ನೀರಿನ ಮೊದಲ ಫಲಭಾಗಿಗಳು ಕೀಲು ಹಿಡಿದ ದುಡಿಮೆಗಾರರೆಂಬುದಕ್ಕೆ ಸಾಕ್ಷಿ. ವೈದ್ಯಶಾಸ್ತ್ರದ ಕ್ರಾಂತಿಕಾರಿಯೆನಿಸಿದ ಪಾರಾಸೆಲ್ಸಸ್ ತನ್ನ ಸ್ನಾನಚಿಕಿತ್ಸೆಯ ಬರಹಗಳಲ್ಲಿ ಗಾಸ್ಟೈನನ್ನು ಪ್ರಸ್ತಾಪಿಸಿದ್ದಾನೆ. ಕಲ್ಲಿನಲ್ಲಿ ಕಟ್ಟಿದ ಮೊದಲ ಗಣ್ಯ ಸೌಧವಾದ ಸ್ನಾನಗೃಹದ ಅರಮನೆಯು 1794ರಲ್ಲಿ ಮುಗಿಯಿತು. ಕಟ್ಟಿಸಿದವನು ಮೊಟ್ಸಾರ್ಟನನ್ನು ಕೆಲಸದಿಂದ ಹೊರದೂಡಿದ ಅದೇ ಆರ್ಚ್‌ಬಿಷಪ್ ಕೊಲ್ಲೋರೆಡೊ. ಸಂಗೀತಕ್ಕೆ ಮಾಡಿದ ಅಪಚಾರಕ್ಕೆ ಕೀಲುನೋವಿನವರ ಸೇವೆಯಿಂದ ಪ್ರಾಯಶ್ಚಿತ್ತವಾಯಿತೋ ಇಲ್ಲವೋ, ಓದುಗರು ತೀರ್ಮಾನಿಸಲಿ.

ನೆಲವಿಲ್ಲದ ಊರಿಗೂ ನೀರಿಲ್ಲದ ಊರಿಗೂ ಸಂಧಿಯನ್ನು ಮಾಡಿದವನು ಯೋಹಾನ್ ಲಾಡಿಸ್ಲಾಸ್ ಪಿರ್ಕರ್ ಎಂಬ ಧರ್ಮಾಧಿಕಾರಿ. ವೆನಿಸ್ಸಿನ ಪೇಟ್ರಿಯಾರ್ಕ್ ಪದವಿಯನ್ನೂ ಅಲಂಕರಿಸಿದ್ದ ಈತನು ಕವಿಯೂ ಹೌದು. 1816ರಲ್ಲಿ ಸಾಲ್ಜ್‌ಬುರ್ಗ್ ಆಸ್ಟ್ರಿಯಾಕ್ಕೆ ಸೇರಿದ ಮೇಲೆ ಗಾಸ್ಟೈನ್ ವಿಯೆನ್ನಾದ ಗಣ್ಯರಿಗೆ ಸಮೀಪವಾಗಿತ್ತು. 1825ರ ಬೇಸಿಗೆಯಲ್ಲಿ ಶೂಬರ್ಟನು ಗಾಯಕ ಫೋಗ್ಲನೊಡನೆ ಇಲ್ಲಿಗೆ ಬಂದು, ಡಿ ಮೇಜರ್ ಪಿಯಾನೊ ಸೊನಾಟವನ್ನು ರಚಿಸಿದುದಲ್ಲದೆ ಪಿರ್ಕರನ ಎರಡು ಕವನಗಳಿಗೂ ರಾಗ ಹಾಕಿದನು. ಪಿರ್ಕರನ ಕಾವ್ಯವನ್ನು ಈಗ ಶೂಬರ್ಟನ ಗೀತಗಳ ಮೂಲಕವಲ್ಲದೆ ಬೇರೆ ಬಗೆಯಲ್ಲಿ ಯಾರೂ ಸ್ಮರಿಸುವುದಿಲ್ಲ. ಆದರೆ ಅವನ ಇನ್ನೊಂದು ಕೃತಿ ಬಾಳಿತು. ಚಕ್ರವರ್ತಿಯ ಅನುಮತಿಯನ್ನು ಪಡೆದು, ಮೇಲಿನ ಬುಗ್ಗೆಗಳ ನೀರಿನ ಒಂದಂಶವನ್ನು ಮರದ ಕೊಳವೆಗಳಲ್ಲಿ ಸುಮಾರು 8 ಕಿಲೋಮೀಟರ್ ದೂರ ಇಳಿಸಿ, 1830ರಲ್ಲಿ ಹೋಫ್‌ಗಾಸ್ಟೈನಿಗೆ ತಲುಪಿಸಲಾಯಿತು. ದಾರಿಯಲ್ಲಿ ಕಾವು ಕೊಂಚ ಇಳಿಯುತ್ತಿದ್ದುದು ನಷ್ಟವಲ್ಲ, ಅನುಕೂಲವೇ. ಗಣಿಗಳು ಕೈಬಿಟ್ಟ ಪಟ್ಟಣವು ಹೀಗೆ ಎರಡನೆಯ ಜನ್ಮವನ್ನು ಪಡೆಯಿತು.

ರಾಜಕಾರಣದ ಅಧ್ಯಾಯವು ಸುಪರಿಚಿತವಾದುದರಿಂದ ಸಂಕ್ಷೇಪಿಸುವೆನು. ಪ್ರಷ್ಯಾದ ಒಂದನೆಯ ವಿಲ್ಹೆಲ್ಮನು ಬೇಸಿಗೆಯಿಂದ ಬೇಸಿಗೆಗೆ ಇಲ್ಲಿಗೆ ಬರುತ್ತಿದ್ದನು, ಅವನ ಹಿಂದೆ ಬಿಸ್ಮಾರ್ಕನು. ಡೆನ್ಮಾರ್ಕಿನಿಂದ ಗೆದ್ದುಕೊಂಡ ಪ್ರಾಂತಗಳಲ್ಲಿ ಶ್ಲೆಸ್ವಿಗ್ ಪ್ರಷ್ಯಾದ ಆಡಳಿತಕ್ಕೂ ಹೋಲ್ಸ್‌ಟೈನ್ ಆಸ್ಟ್ರಿಯಾದ ಆಡಳಿತಕ್ಕೂ ಇರತಕ್ಕುದೆಂದು ವಿಧಿಸಿದ ಒಪ್ಪಂದಕ್ಕೆ 1865ರ ಆಗಸ್ಟ್ 14ರಂದು ಇಲ್ಲಿಯೇ ಅಂಕಿತವಾಯಿತು. ಒಂದು ವರ್ಷ ತುಂಬುವ ಮೊದಲೇ ಒಪ್ಪಂದದ ಇಬ್ಬರೂ ಪಾಲುದಾರರು ರಣರಂಗದಲ್ಲಿ ಎದುರಾದರು. ಬಿಸಿನೀರಿನ ಶಮನಗುಣವು ಸಂಧಿವಾತಕ್ಕೆ ಸಾಲುವುದು, ಸಂಧಿವಿಗ್ರಹಗಳಿಗೆ ಸಾಲದು.

ಪಟ್ಟಣದ ಇಂದಿನ ಆಕಾರವನ್ನು ಮಾಡಿದುದು ರೈಲು. ಉತ್ತರದ ಶ್ವಾರ್ಟ್ಸಾಖ್‌ನಿಂದ ಹೊರಟ ಮಾರ್ಗವು 1905ರಲ್ಲಿ ಇಲ್ಲಿಗೆ ಬಂದಿತು. 1909ರಲ್ಲಿ ಸುಮಾರು ಎಂಟೂವರೆ ಕಿಲೋಮೀಟರ್ ಉದ್ದದ ಟೌವರ್ನ್ ಸುರಂಗವು ತೆರೆದು, ಕುರುಡುಕಣಿವೆಯಾಗಿದ್ದ ಗಾಸ್ಟೈನ್ ದಕ್ಷಿಣದ ಕಡಲಿಗೆ ಹೋಗುವ ಹೆದ್ದಾರಿಯ ನಿಲುಗಡೆಯಾಯಿತು. ಜನ ಹೆಚ್ಚಿದರು, ನೆಲ ಹೆಚ್ಚಲಿಲ್ಲ. ಆದಕಾರಣ ಹೋಟೆಲುಗಳು ಬಂಡೆಯ ಮುಖಕ್ಕೆ ಬೆನ್ನು ಕೊಟ್ಟು ಮಹಡಿಯ ಮೇಲೆ ಮಹಡಿಯಾಗಿ ಏರಿದವು. ಮೇಲಿನ ಬೀದಿಯಿಂದ ಸಾಧಾರಣ ಮನೆಯಂತೆ ತೋರುವ ಕಟ್ಟಡವು ಕೆಳಗಿನ ಬೀದಿಯಿಂದ ಮಹಾಗೋಪುರವಾಗಿ ಕಾಣುವುದು ಇಲ್ಲಿ ಸಾಮಾನ್ಯ. ಹಳ್ಳಿಯ ವಿಸ್ತೀರ್ಣದಲ್ಲಿ ಮಹಾನಗರದ ಎತ್ತರ, ಎಲ್ಲಕ್ಕೂ ನಡುವೆ ಹಗಲಿರುಳೂ ನಿಲ್ಲದ ಜಲಪಾತದ ಘೋಷ: ಆಲ್ಪ್ಸ್ ಪರ್ವತಗಳ ಬೇರೆ ಯಾವ ಸ್ನಾನಪಟ್ಟಣಕ್ಕೂ ಈ ಮುಖಲಕ್ಷಣವಿಲ್ಲ.

ಇದೇ ಕಾಲದಲ್ಲಿ ಒಂದು ಹಳೆಯ ಒಗಟಿಗೆ ಉತ್ತರ ದೊರೆಯಿತೆಂದು ವೈದ್ಯರು ಹರ್ಷಿಸಿದರು. ಗಾಸ್ಟೈನಿನ ನೀರನ್ನು ಎಷ್ಟು ಸಲ ಪೃಥಕ್ಕರಿಸಿದರೂ ಅದರಲ್ಲಿ ಹೇಳಿಕೊಳ್ಳುವಂಥ ಲವಣವಾಗಲಿ ಗಂಧಕವಾಗಲಿ ಇರಲಿಲ್ಲ. ರುಚಿಯಿಲ್ಲ, ವಾಸನೆಯಿಲ್ಲ, ಬಣ್ಣವಿಲ್ಲ. ಶುದ್ಧವಾದ ಬಿಸಿನೀರಷ್ಟೇ ಆಗಿದ್ದರೆ ಮನೆಯ ಹಂಡೆಯ ನೀರಿಗಿಲ್ಲದ ಗುಣ ಇದಕ್ಕೆಲ್ಲಿಂದ ಬಂತು? 1904ರಲ್ಲಿ ಹೈನ್ರಿಖ್ ಮಾಖೆ ಎಂಬ ಭೌತವಿಜ್ಞಾನಿಯು ಈ ನೀರಿನಲ್ಲಿ ರೇಡಿಯಂ ಧಾತುವಿನಿಂದ ಹೊರಡುವ ವಿಕಿರಣಶೀಲ ಅನಿಲವನ್ನು, ಅಂದರೆ ಇಂದು ನಾವು ರೇಡಾನ್ ಎನ್ನುವುದನ್ನು, ಕಂಡನು. ಅದರ ಪ್ರಮಾಣವನ್ನು ಅಳೆಯುವ ಮಾನಕ್ಕೆ ಬಹುಕಾಲ ಅವನ ಹೆಸರೇ ನಡೆಯಿತು. ನಾಲ್ಕು ದಿನ ತುಂಬುವ ಮುನ್ನವೇ ಅರ್ಧದಷ್ಟು ಕ್ಷಯಿಸುವ ಅನಿಲವಿದು. ಬುಗ್ಗೆಯ ಬಳಿಯೇ ಮೀಯಬೇಕು, ತುಂಬಿಸಿಟ್ಟ ನೀರು ನಿಸ್ಸಾರವೆಂಬ ಹಳಬರ ನಂಬಿಕೆಗೆ ಹೀಗೆ ವಿಜ್ಞಾನದ ಮುದ್ರೆ ಬಿದ್ದಂತಾಯಿತು. ಅಂದು ರೇಡಿಯಂ ಎಂದರೆ ಸಂಜೀವಿನಿಯೆಂಬ ಭ್ರಮೆ. ಇಂದು ರೇಡಾನ್ ಶ್ವಾಸಕೋಶದ ಅರ್ಬುದಕ್ಕೆ ಕಾರಣವೆಂಬುದು ಸಿದ್ಧವಾದ ಮಾತು. ಆದರೂ ಬೆನ್ನೆಲುಬಿನ ಕೀಲುಗಳು ಬಿಗಿದುಕೊಳ್ಳುವ ದೀರ್ಘವ್ಯಾಧಿಯಲ್ಲಿ ಗಾಸ್ಟೈನಿನ ಅಲ್ಪಪ್ರಮಾಣದ ಚಿಕಿತ್ಸೆಯಿಂದ ನೋವು ತಗ್ಗುವುದೆಂದು ಅಲ್ಲಿಯ ವೈದ್ಯರು ಈಗಲೂ ವಾದಿಸುವರು. ರೋಗಿಗೆ ಉಪಶಮನವಾಗುವುದನ್ನು ನಾನು ಸಂಶಯಿಸುವುದಿಲ್ಲ. ಅದರಲ್ಲಿ ರೇಡಾನಿನ ಪಾಲೆಷ್ಟು, ಶಾಖದ ಪಾಲೆಷ್ಟು, ವಿಶ್ರಾಂತಿಯ ಪಾಲೆಷ್ಟು ಎಂಬ ವಿಂಗಡಣೆಯಲ್ಲಿ ಮಾತ್ರ ಉತ್ಸಾಹಕ್ಕಿಂತ ಎಚ್ಚರ ಮೇಲು.

ಭಾರತೀಯರಿಗೆ ಈ ಊರು ಇನ್ನೊಂದು ಕಾರಣದಿಂದ ಸ್ಮರಣೀಯ. ವಿಯೆನ್ನಾದಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದ ಸುಭಾಷಚಂದ್ರ ಬೋಸರು 1936ರ ವಸಂತದಲ್ಲಿಯೂ, ಮತ್ತೆ 1937ರ ಕೊನೆಯಲ್ಲಿಯೂ ಇಲ್ಲಿ ತಂಗಿದ್ದರು. ಎರಡನೆಯ ಸಲ, ಸಂಗಾತಿ ಎಮಿಲಿ ಶೆಂಕ್ಲ್ ಜೊತೆಗಿದ್ದಾಗ, ಡಿಸೆಂಬರಿನ ಹತ್ತು ದಿನಗಳಲ್ಲಿ ತಮ್ಮ ಆತ್ಮಕಥೆಯ ಹತ್ತು ಅಧ್ಯಾಯಗಳನ್ನು ಬರೆದರು. 1921ರವರೆಗೆ ಬಂದು ನಿಂತುಹೋದ ಆ ಗ್ರಂಥವೇ ‘ಆ್ಯನ್ ಇಂಡಿಯನ್ ಪಿಲ್‌ಗ್ರಿಮ್’. ಮುಂದಿನ ಫೆಬ್ರವರಿಯಲ್ಲಿ ಅವರು ಹರಿಪುರದ ಕಾಂಗ್ರೆಸ್ಸಿನ ಅಧ್ಯಕ್ಷರಾಗಿ ಪೀಠವೇರಬೇಕಾಗಿತ್ತು. ಕಟಕದ ಬಾಲ್ಯವು ಹಿಮ ಸುರಿಯುವ ಆಲ್ಪ್ಸ್ ಕಣಿವೆಯೊಂದರಲ್ಲಿ ಅಕ್ಷರಕ್ಕಿಳಿದುದು, ರಾಜಕಾರಣದ ಎರಡು ಬಿರುಗಾಳಿಗಳ ನಡುವೆ ದೊರೆತ ಅತ್ಯಲ್ಪ ವಿರಾಮದಿಂದ. ಬಿಸ್ಮಾರ್ಕನ ಒಪ್ಪಂದಕ್ಕೆ ಮೀಸಲಾದ ಪುಟಗಳಲ್ಲಿ ಒಂದನ್ನು ಅಲ್ಲಿಯ ಚರಿತ್ರಕಾರರು ಈ ಪುಸ್ತಕಕ್ಕೆ ಕೊಡಬಹುದಾಗಿತ್ತು.

ಚಿನ್ನದ ಆಸೆ ಇನ್ನೂ ಸತ್ತಿರಲಿಲ್ಲ. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಮೇಲಿನ ಬ್ಯೋಕ್‌ಸ್ಟೈನ್ ಗ್ರಾಮದ ಬಳಿ ರಾಡ್‌ಹೌಸ್‌ಬೆರ್ಗ್ ಎಂಬ ಹಳೆಯ ಗಣಿಬೆಟ್ಟಕ್ಕೆ ಹೊಸ ಸುರಂಗವನ್ನು ಕೊರೆದರು. ಲಾಭದಾಯಕವಾದ ಚಿನ್ನ ಸಿಕ್ಕಲಿಲ್ಲ. ಸಿಕ್ಕಿದುದು 40 ಡಿಗ್ರಿಯ ಸುತ್ತಮುತ್ತಣ ಶಾಖವೂ, ತೇವ ತುಂಬಿದ ಗಾಳಿಯೂ, ಅದೇ ರೇಡಾನ್ ಅನಿಲವೂ. ಒಳಗೆ ದುಡಿಯುತ್ತಿದ್ದವರಲ್ಲಿ ಕೀಲುನೋವುಳ್ಳವರು ಹಗುರವಾದೆವೆಂದು ಹೇಳತೊಡಗಿದರು; ಇನ್ಸ್‌ಬ್ರುಕ್ ವಿಶ್ವವಿದ್ಯಾನಿಲಯದವರು ಪರೀಕ್ಷಿಸಿದರು; 1950ರ ದಶಕದಲ್ಲಿ ಸುರಂಗವು ಚಿಕಿತ್ಸಾಲಯವಾಯಿತು. ಇಂದಿಗೂ ರೋಗಿಗಳನ್ನು ಸಣ್ಣ ರೈಲಿನಲ್ಲಿ ಬೆಟ್ಟದೊಳಕ್ಕೆ ಕೊಂಡೊಯ್ದು ಮಲಗಿಸುತ್ತಾರೆ.

ಯುದ್ಧಾನಂತರದ ಗಾಸ್ಟೈನ್ ಹಿಮಕ್ರೀಡೆಯನ್ನು ನಂಬಿತು. 1958ರಲ್ಲಿ ಆಲ್ಪೈನ್ ಸ್ಕೀ ವಿಶ್ವಸ್ಪರ್ಧೆಗಳು ಇಲ್ಲಿ ನಡೆದವು. ಸ್ಕೀಗಾರನಿಗೆ ಬೆಟ್ಟವೇ ಬೇಕಾದುದರಿಂದ ಜಲಪಾತದ ಸುತ್ತಣ ಹಳೆಯ ನಡುವೂರು ಕ್ಷೀಣಿಸಿತು. ಒಪ್ಪಂದಕ್ಕೆ ಅಂಕಿತ ಬಿದ್ದ ಸ್ಟ್ರೌಬಿಂಗರ್ ಹೋಟೆಲೂ, ಕೊಲ್ಲೋರೆಡೊ ಕಟ್ಟಿಸಿದ ಸ್ನಾನದ ಅರಮನೆಯೂ ವರ್ಷಗಟ್ಟಲೆ ಬೀಗಮುದ್ರೆಯಲ್ಲಿ ಶಿಥಿಲವಾದವು. 2017ರಲ್ಲಿ ಪ್ರಾಂತ ಸರಕಾರವೇ ಅವನ್ನು ಕೊಂಡು ರಕ್ಷಿಸಿತು. ಜೀರ್ಣೋದ್ಧಾರವಾಗಿ 2023ರಲ್ಲಿ ಎರಡೂ ಹೋಟೆಲುಗಳಾಗಿ ಮತ್ತೆ ತೆರೆದವು. ಅವುಗಳ ನೆರೆಯಲ್ಲಿ ವಾಸ್ತುಶಿಲ್ಪಿ ಗೆರ್ಹಾರ್ಡ್ ಗಾರ್ಸ್ಟೆನೌವರ್ 1970ರ ದಶಕದಲ್ಲಿ ಕಾಂಕ್ರೀಟಿನಿಂದ ಕಟ್ಟಿದ ಸಭಾಭವನಕ್ಕೆ ಮಾತ್ರ ಆ ಭಾಗ್ಯ ಬರಲಿಲ್ಲ. ಬಹುಕಾಲ ಅದು ಮುಚ್ಚಿಯೇ ಇದ್ದಿತು. ಅನೇಕರು ಅದನ್ನು ಕುರೂಪವೆನ್ನುವರು. ಮೇಲಿನ ಬೀದಿಯ ಮಟ್ಟಕ್ಕೆ ತನ್ನ ಮಾಳಿಗೆಯನ್ನು ಬಯಲಾಗಿ ಹಾಸಿ, ನೆಲವೇ ಇಲ್ಲದ ಊರಿಗೆ ಒಂದು ಅಂಗಳವನ್ನು ಒದಗಿಸಿಕೊಟ್ಟ ಕಟ್ಟಡವದು. ಅರಮನೆಯಷ್ಟೇ ಅದೂ ಉಳಿಯತಕ್ಕುದೆಂಬುದು ನನ್ನ ಅಭಿಪ್ರಾಯ.