ಅಂಗಾಂಶ ಭಂಡಾರದ ಪೂರ್ವವೃತ್ತಾಂತ

1893ರಲ್ಲಿ ಫ್ರಾಂಕ್‌ಫರ್ಟಿನ ವೈದ್ಯ ಫರ್ಡಿನಾಂಡ್ ಬ್ಲೂಮ್, ಕ್ರಿಮಿನಾಶಕವೆಂದು ತಾನು ಪರೀಕ್ಷಿಸುತ್ತಿದ್ದ ಫಾರ್ಮಾಲಿನ್ ದ್ರವದಿಂದ ತನ್ನ ಬೆರಳ ತುದಿಯ ಚರ್ಮವೇ ಗಡುಸಾದುದನ್ನು ಕಂಡು, ಅಂಗಾಂಶವನ್ನು ಕೆಡದಂತೆ ಕಾಪಿಡುವ ಉಪಾಯವನ್ನು ಅದರಲ್ಲಿ ಗುರುತಿಸಿದನು. ಅನಂತರ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗರ್ಭಕೋಶದ ತುಣುಕುಗಳು ಹೀಗೆ ಗಡುಸಾಗಿ ಮೇಣದ ಅಚ್ಚುಗಳಲ್ಲಿ ದಶಕಗಟ್ಟಲೆ ಉಳಿದವು. ಆದರೆ ಬಹುಪಾಲು ಆಯಾ ಆಸ್ಪತ್ರೆಯ ಕಪಾಟಿನಲ್ಲಿಯೇ ಉಳಿದವೆಂಬುದು ವಿಷಾದದ ಸಂಗತಿ.

1983ರಲ್ಲಿ ಲೆನಿನ್‌ಗ್ರಾಡಿನ ವೈದ್ಯ ಬೋಖ್‌ಮನ್ ಗರ್ಭಕೋಶದ ಒಳಪೊರೆಯ ಅರ್ಬುದವು ದ್ವಿವಿಧವೆಂದು, ಈಸ್ಟ್ರೋಜನ್ ಪ್ರಾಬಲ್ಯದಿಂದ ಬೆಳೆಯುವುದೊಂದು, ಅದರ ಹಂಗಿಲ್ಲದೆ ಉಗ್ರವಾಗಿ ಹಬ್ಬುವುದಿನ್ನೊಂದೆಂದು ಪ್ರತಿಪಾದಿಸಿದನು. ಈ ವಿಭಜನೆಯನ್ನು ವಂಶವಾಹಿಗಳಲ್ಲಿ ಶೋಧಿಸಲು ಒಂದು ಆಸ್ಪತ್ರೆಯ ಸಂಗ್ರಹವೂ ಸಾಲದು, ಫಾರ್ಮಾಲಿನ್ನೂ ಸಾಲದು, ಏಕೆಂದರೆ ಅದು ಆಕಾರವನ್ನು ಉಳಿಸಿ ಡಿಎನ್‌ಎಯನ್ನು ಛಿದ್ರಗೊಳಿಸುತ್ತದೆ. ತೆಗೆದ ಕೂಡಲೇ ಹೆಪ್ಪುಗಟ್ಟಿಸಿದ ಗಡ್ಡೆಯ ತುಣುಕನ್ನೂ, ಹೋಲಿಕೆಗಾಗಿ ಅದೇ ಸ್ತ್ರೀಯ ರಕ್ತವನ್ನೋ ಆರೋಗ್ಯವಂತ ಅಂಗಾಂಶವನ್ನೋ ಜೊತೆಗೂಡಿಸಿ ಅನೇಕ ಆಸ್ಪತ್ರೆಗಳು ಒಂದೆಡೆಗೆ ಕಳುಹಿಸಬೇಕಾಯಿತು. ಹೀಗೆ ಕೂಡಿದ 373 ಗಡ್ಡೆಗಳನ್ನು ಪರೀಕ್ಷಿಸಿದ ಅಮೆರಿಕದ ಕ್ಯಾನ್ಸರ್ ಜೀನೋಮ್ ಅಟ್ಲಾಸ್ ಯೋಜನೆ 2013ರಲ್ಲಿ ನಾಲ್ಕು ಗುಂಪುಗಳನ್ನು ಪ್ರಕಟಿಸಿತು. ಅವುಗಳಲ್ಲೊಂದು ಗುಂಪಾದ, ಪೋಲ್ ಎಂಬ ಜೀನಿನ ದೋಷವುಳ್ಳ ಗಡ್ಡೆಗಳು ಸೂಕ್ಷ್ಮದರ್ಶಕದಲ್ಲಿ ಎಷ್ಟೋ ವೇಳೆ ಉಗ್ರವಾಗಿ ತೋರಿದರೂ ಆ ರೋಗಿಗಳು ಚೆನ್ನಾಗಿ ಬದುಕುಳಿಯುವರೆಂಬ ಸಂಗತಿಯೇ ಇದರಲ್ಲಿ ನನಗೆ ಅತ್ಯಮೂಲ್ಯವೆನಿಸುತ್ತದೆ. ತಮ್ಮ ದೇಹದ ಅಂಶವನ್ನಿತ್ತ ಆ ಸ್ತ್ರೀಯರ ಔದಾರ್ಯದಿಂದ ದೊರೆತ ಈ ವಿವೇಚನೆ 2023ರಲ್ಲಿ ಅಂತರರಾಷ್ಟ್ರೀಯ ಸ್ತ್ರೀರೋಗ ಒಕ್ಕೂಟದ ರೋಗಹಂತಗಳ ಪಟ್ಟಿಯಲ್ಲಿಯೂ ಸ್ಥಾನ ಪಡೆಯಿತು.